ಹಂಪಿಯ ಆನೆಲಾಯಕ್ಕೆ ನಮ್ಮೂರಿನ ಗುಮ್ಮಟ

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಕಮಲಾಪುರಕ್ಕ ಹೋಗಬೇಕ್ರಿ" ಅಂದರೆ ಯಾರಾದರೂ ನಿಮ್ಮನ್ನು ಹುಮನಾಬಾದ್ ಕಡೆ ಹೋಗುವ ಬಸ್ಸಿಗೆ ಹತ್ತಿಸಿಬಿಡುತ್ತಾರೆ. ಅವರದೇನೂ ತಪ್ಪಿಲ್ಲ. ನಮ್ಮ ಕಮಲಾಪುರ ಇರುವುದು ಆ ದಾರಿಯಲ್ಲೇ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಆ ಹಣ್ಣಿಗೆ ಜಿ.ಐ. ಟ್ಯಾಗ್ ಕೂಡ ಸಿಕ್ಕಿದೆ, ಈಗ ತಾಲೂಕು ಕೇಂದ್ರವೂ ಹೌದು. ಆದರೆ ನನಗೂ ನಮ್ಮ ಕಾಕಾನಿಗೂ ಬೇಕಾಗಿದ್ದ ಕಮಲಾಪುರ ಇನ್ನೊಂದು. ಹೊಸಪೇಟೆ ಹತ್ತಿರದ್ದು, ವಿಜಯನಗರ ಕಾಲದ ದೊಡ್ಡ ಕೆರೆ ಇರುವಂಥದ್ದು, ಪುರಾತತ್ವ ಇಲಾಖೆಯ ಮ್ಯೂಸಿಯಂ ಇರುವಂಥದ್ದು. ಹಂಪಿಯ ಅರಮನೆ ಭಾಗಕ್ಕೆ ಹೋಗುವವರು ಇಳಿಯಬೇಕಾದ್ದು ಅಲ್ಲೇ.

"ಹಂಪಿ ಕಮಲಾಪುರಾನಾ? ಹಂಗ ಹೇಳ್ರಿ ಮತ್ತ. ಹೊಸಪೇಟಿ ಗಾಡಿ ರಾತ್ರಿ ಅದ" ಅಂದ ಕಂಡಕ್ಟರ್. ಹೀಗೆ ಒಂದು ಕಮಲಾಪುರ ಬಿಟ್ಟು ಇನ್ನೊಂದು ಕಮಲಾಪುರಕ್ಕೆ ಹೋದದ್ದು ಆನೆಲಾಯ ನೋಡಲಿಕ್ಕೆ.

ಕಾಕಾನ ಬಗ್ಗೆ ಎರಡು ಮಾತು ಹೇಳಲೇಬೇಕು. ಯಾಕೆಂದರೆ ಈ ಬರಹದ ಅರ್ಧ ಬುದ್ಧಿ ಅವರದು. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಸುಣ್ಣದ ಗಾರೆಯಲ್ಲಿ ಶುರು ಮಾಡಿ ಸಿಮೆಂಟಿನಲ್ಲಿ ಮುಗಿಸಿದರು. ಯಾವುದೇ ಗುಡಿಗೆ ಹೋದರೂ ದೇವರಿಗೆ ಕೈ ಮುಗಿಯುವ ಮೊದಲು ಮಾಳಿಗೆ ನೋಡುವ ಅಭ್ಯಾಸ.

ಹಂಪಿ ನೋಡಿದವರಿಗೆ ಗೊತ್ತಿದೆ, ರಾಣಿವಾಸದ ಎತ್ತರದ ಗೋಡೆಯೊಳಗೆ ಕಮಲ ಮಹಲ್ ನೋಡಿ, ಪೂರ್ವದ ಗೋಡೆಯಲ್ಲಿರುವ ಸಣ್ಣ ಬಾಗಿಲಿನಿಂದ ಹೊರಗೆ ಬಂದರೆ ಒಮ್ಮೆಲೇ ದೊಡ್ಡ ಬಯಲು. ಬಯಲಿನ ಆಚೆ ತುದಿಗೆ ಉದ್ದಕ್ಕೆ ಮಲಗಿದ ಹಾಗೆ ಆನೆಲಾಯ. ಹನ್ನೊಂದು ಕೋಣೆಗಳು ಒಂದೇ ಸಾಲಿನಲ್ಲಿ, ಪ್ರತಿ ಕೋಣೆಗೂ ಮುಂದೆ ಒಂದು ಎತ್ತರದ ಕಮಾನು, ಮೇಲೆ ಗುಮ್ಮಟ. ನಟ್ಟನಡುವಿನ ಕೋಣೆಯ ಮೇಲೆ ಮಾತ್ರ ಗುಮ್ಮಟದ ಬದಲು ಒಂದು ಉಪ್ಪರಿಗೆಯಂಥದ್ದು ಇತ್ತು, ಅದು ಈಗ ಮುಕ್ಕಾಗಿದೆ. ಮೆರವಣಿಗೆ ಹೊರಡುವಾಗ ನಗಾರಿ, ಕಹಳೆಯವರು ಅಲ್ಲಿ ಕೂರುತ್ತಿದ್ದರು ಅಂತ ಗೈಡುಗಳು ಹೇಳುತ್ತಾರೆ. ಈ ತುದಿಯಿಂದ ಆ ತುದಿಗೆ ನಡೆದರೆ ನೂರು ಹೆಜ್ಜೆ ದಾಟುತ್ತದೆ.

ಬಾಗಿಲು ದಾಟಿದವರೇ ಕಾಕಾ ನಿಂತುಬಿಟ್ಟರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಏ ತಮ್ಮಾ, ಇದು ನಮ್ಮ ಕಿಲ್ಲೇದಾಗಿನ ಮಸೀದಿ ಕಟ್ಟಿದ ಮಂದೀದೇ ಕೈ ಅದನಲ್ಲೋ" ಅಂದರು.

ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಯಾಕೆಂದರೆ ದಪ್ಪ ದಪ್ಪ ಪುಸ್ತಕ ಬರೆದ ವಿದ್ವಾಂಸರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯಿಂದ ಬೇರೆಯಾಗಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಅಲ್ಲಿಂದ ಇಪ್ಪತ್ತು ವರ್ಷಕ್ಕೆ, 1367ರಲ್ಲಿ, ಅವನ ಮಗ ಮೊದಲನೇ ಮುಹಮ್ಮದ್ ಷಾನ ಕಾಲದಲ್ಲಿ ಈ ಮಸೀದಿ ಆಯಿತು. ಕಟ್ಟಿಸಿದವನ ಹೆಸರು ಶಾಸನದಲ್ಲೇ ಇದೆ, ರಫಿ, ಇರಾನಿನ ಕಜ್ವೀನ್ ಊರಿನ ಮನೆತನದವನು. ಸಾಮಾನ್ಯವಾಗಿ ದೊಡ್ಡ ಮಸೀದಿಗಳಿಗೆ ನಡುವೆ ತೆರೆದ ಅಂಗಳ ಇರುತ್ತದೆ. ಇದಕ್ಕೆ ಅಂಗಳವೇ ಇಲ್ಲ, ಪೂರ್ತಿ ಮಾಳಿಗೆ ಮುಚ್ಚಿದೆ. ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಧ್ಯಮ ಗುಮ್ಮಟ, ಉಳಿದ ಜಾಗಕ್ಕೆಲ್ಲ ಸಣ್ಣ ಸಣ್ಣ ಗುಮ್ಮಟಗಳ ಸಾಲು. ಒಳಗೆ ಹೋದರೆ ಅಗಲವಾದ, ಗಿಡ್ಡ ಕಾಲಿನ ಕಮಾನುಗಳು ಒಂದರ ಹಿಂದೆ ಒಂದು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕೂತವರಿಗೆ ಎದ್ದು ಬರಲು ಮನಸ್ಸಾಗುವುದಿಲ್ಲ (ನಮ್ಮೂರ ಬೇಸಿಗೆ ಗೊತ್ತಿದ್ದವರಿಗೆ ಈ ಮಾತಿನ ತೂಕ ಗೊತ್ತು).

ಆ ಮಸೀದಿಯ ಲೆಕ್ಕ ಬಹಳ ಸರಳ. ಒಂದು ಚೌಕ, ನಾಲ್ಕು ಕಡೆ ನಾಲ್ಕು ಕಮಾನು, ಮೇಲೊಂದು ಗುಮ್ಮಟ. ಇದೊಂದು ಅಚ್ಚು. ಈ ಅಚ್ಚನ್ನು ಬೇಕಾದಷ್ಟು ಸಲ ಪಕ್ಕಪಕ್ಕಕ್ಕೆ ಒತ್ತುತ್ತಾ ಹೋದರೆ ಎಷ್ಟು ದೊಡ್ಡ ಕಟ್ಟಡವಾದರೂ ಆಗುತ್ತದೆ. ಹಂಪಿಯ ಆನೆಲಾಯ ಅಂದರೆ ಇದೇ ಅಚ್ಚನ್ನು ಒಂದೇ ಸಾಲಿನಲ್ಲಿ ಹನ್ನೊಂದು ಸಲ ಒತ್ತಿದ್ದು. ಕೋಣೆಯಿಂದ ಕೋಣೆಗೆ ಒಳಗಿನಿಂದಲೇ ದಾರಿ ಇದೆ, ಹಿಂದಿನ ಗೋಡೆಯಲ್ಲಿ ಮನುಷ್ಯರು ಮಾತ್ರ ನುಸುಳುವಂಥ ಸಣ್ಣ ಬಾಗಿಲುಗಳಿವೆ.

ಹಾಗಾದರೆ ವಿಜಯನಗರದ ಅರಸರು, ಅಷ್ಟು ದೊಡ್ಡ ದೊಡ್ಡ ದೇವಸ್ಥಾನ ಕಟ್ಟಿದವರು, ಆನೆಗೆ ಮನೆ ಕಟ್ಟುವಾಗ ಮಾತ್ರ ಕಮಾನು ಗುಮ್ಮಟದ ಕಡೆ ಯಾಕೆ ತಿರುಗಿದರು? ಇಲ್ಲಿ ಕಾಕಾನ ಮಾತು ನನಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಯಿತು.

"ಕಲ್ಲಿನ ತೊಲಿ ಅಂದ್ರ ಹೆಂಗ ಗೊತ್ತದನು? ಮ್ಯಾಲ ಎಷ್ಟು ಭಾರ ಹೇರಿದ್ರೂ ತಡೀತದ, ಆದ್ರ ಬಗ್ಗೂದಿಲ್ಲ. ಉದ್ದ ಆತಂದ್ರ ತನ್ನ ಭಾರಕ್ಕ ತಾನೇ ನಡಕ್ಕ ಸೀಳತದ" ಅಂದರು. ಹಂಪಿಯ ಯಾವ ಗುಡಿಯ ಮಂಟಪವನ್ನಾದರೂ ನೆನಪಿಸಿಕೊಳ್ಳಿ. ಮಾರು ಎರಡು ಮಾರಿಗೊಂದು ಕಂಬ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ತೊಲೆ ಉದ್ದವಾಗದ ಹಾಗೆ ಕಂಬದ ತಲೆಗೆ ಬೋದಿಗೆ ಹಾಕಿ ಎರಡೂ ಬದಿಗೆ ಕೈ ಚಾಚಿಸುತ್ತಾರೆ. ದೇವರಿಗೆ ಇದು ತೊಂದರೆ ಅಲ್ಲ. ಗರ್ಭಗುಡಿ ಚಿಕ್ಕದಿದ್ದಷ್ಟೂ ಒಳ್ಳೆಯದೇ, ಮಂಟಪದ ಕಂಬಗಳ ಮೇಲೆ ಶಿಲ್ಪ ಕೆತ್ತಲಿಕ್ಕೂ ಜಾಗ ಸಿಕ್ಕಿತು. ಆದರೆ ಆನೆಯನ್ನು ಕಂಬಗಳ ನಡುವೆ ನಿಲ್ಲಿಸಿ ನೋಡಿ! ಭುಜದ ಹತ್ತಿರವೇ ಎಂಟೊಂಬತ್ತು ಅಡಿ ಎತ್ತರದ ಪ್ರಾಣಿ. ಅದು ತಿರುಗಬೇಕು, ಮೈ ತಿಕ್ಕಬೇಕು, ಮದ ಬಂದರೆ ಎಳೆದಾಡಬೇಕು. ಕಂಬವಿಲ್ಲದ ಅಗಲವಾದ ಕೋಣೆ, ತಲೆಯ ಮೇಲೆ ಎತ್ತರ, ಮುಂದೆ ಅಡ್ಡಪಟ್ಟಿ ಇಲ್ಲದ ಬಾಗಿಲು.. ಇಷ್ಟೂ ಬೇಕು ಅಂದರೆ ಕಣಶಿಲೆಯ ತೊಲೆಯಿಂದ ಆಗದು. ಒಂದೋ ಮರದ ಮಾಳಿಗೆ ಹಾಕಬೇಕು, ಇಲ್ಲವೇ ಕಮಾನು ಕಟ್ಟಬೇಕು. ಕಲ್ಲು, ಸುಣ್ಣದ ಗಾರೆ, ಮೇಲೆ ಗಚ್ಚಿನ ಲೇಪ ಹಾಕಿ ಅಗಲವಾದ ಕಮಾನು ಗುಮ್ಮಟ ಕಟ್ಟುವ ವಿದ್ಯೆ ಆಗ ನಮ್ಮ ಸೀಮೆಯಲ್ಲಿ ಪಳಗಿದ್ದು ಬಹಮನಿಗಳ ಕಲಬುರಗಿಯಲ್ಲಿ.

ಗುಮ್ಮಟಕ್ಕೆ ಇನ್ನೊಂದು ಚಾಳಿ ಇದೆ. ಅದು ಕೆಳಗಷ್ಟೇ ಒತ್ತುವುದಿಲ್ಲ, ಹೊರಕ್ಕೂ ತಳ್ಳುತ್ತದೆ. ಒಂಟಿ ಗುಮ್ಮಟಕ್ಕೆ ನಾಲ್ಕೂ ಕಡೆ ದಪ್ಪ ಗೋಡೆ ಬೇಕು. ಸಾಲಿನಲ್ಲಿ ಕಟ್ಟಿದರೆ ಪಕ್ಕದ ಗುಮ್ಮಟವೇ ಎದುರು ತಳ್ಳಿ ಸರಿದೂಗಿಸುತ್ತದೆ, ಎರಡು ತುದಿಯಲ್ಲಿ ಮಾತ್ರ ಗೋಡೆ ಗಟ್ಟಿ ಇದ್ದರೆ ಸಾಕು, ಉಳಿದದ್ದು ಮುಂದೆ ಹಿಂದೆ. "ಜಾತ್ರ್ಯಾಗ ಮಂದಿ ಭುಜಕ್ಕ ಭುಜ ಹಚ್ಚಿ ನಿಂತಂಗ, ನಡುವಿನಾಂವ ಬೀಳೂದಿಲ್ಲ" ಅಂದರು ಕಾಕಾ. ಚೌಕದ ಗೋಡೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಹೇಗೆ ಎಂಬುದಕ್ಕೂ ಇಲ್ಲಿ ತಲೆ ಎತ್ತಿ ನೋಡಿದರೆ ಉತ್ತರ ಸಿಗುತ್ತದೆ. ಮೂಲೆಗಳನ್ನು ತುಂಬಿ ತುಂಬಿ ನಾಲ್ಕು ಮೂಲೆಯನ್ನು ಎಂಟು ಮಾಡಿ, ಎಂಟನ್ನು ದುಂಡಗೆ ತಂದಿದ್ದಾರೆ. ನಮ್ಮೂರಿನ ಹಫ್ತ್ ಗುಂಬಜ್‌ನ ಗೋರಿಗಳ ಒಳಗೂ ಮೂಲೆಯ ಲೆಕ್ಕ ಇದೇ.

ಆದರೆ ಹಂಪಿಯವರು ಬರೀ ನಕಲು ಮಾಡಲಿಲ್ಲ. ಕಲಬುರಗಿಯ ಗುಮ್ಮಟಗಳೆಲ್ಲ ಒಂದೇ ಜಾತಿ, ಬೋರಲು ಹಾಕಿದ ಬೋಗುಣಿ. ಆನೆಲಾಯದಲ್ಲಿ ಒಂದು ನುಣ್ಣಗಿನ ಗುಮ್ಮಟ ಇದ್ದರೆ ಇನ್ನೊಂದು ಕುಂಬಳಕಾಯಿಯ ಹಾಗೆ ಏಣುಗಳಿರುವಂಥದ್ದು, ಮತ್ತೊಂದು ಮೂಲೆ ಮೂಲೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದು. ನೋಡಿದ ಕೂಡಲೇ ಮನಸ್ಸಿಗೆ ಬಂದಂತೆ ಕಟ್ಟಿದ್ದಾರೆ ಅನ್ನಿಸುತ್ತದೆ. ನಡುವಿನ ಕೋಣೆಯ ಎದುರಿಗೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಣಿಸಿ ನೋಡಿ, ಎಡಕ್ಕೆ ಐದು ಯಾವ ಕ್ರಮದಲ್ಲಿವೆಯೋ ಬಲಕ್ಕೂ ಅದೇ ಕ್ರಮ, ಕನ್ನಡಿಯಲ್ಲಿ ಕಂಡ ಹಾಗೆ. ಕಲಬುರಗಿಯ ಮೇಸ್ತ್ರಿ ನೋಡಿದ್ದರೆ ಇದೇನು ಹುಡುಗಾಟ ಅನ್ನುತ್ತಿದ್ದನೋ ಏನೋ. ನನಗಂತೂ ಇದು ಅರಮನೆಯವರ ಸೊಗಸು ಅನ್ನಿಸಿತು. ಸೂರ್ಯ ಇಳಿಯುವ ಹೊತ್ತಿಗೆ ಹೋಗಿ, ಕಟ್ಟಡ ಪಡುವಣಕ್ಕೆ ಮುಖ ಮಾಡಿರುವುದರಿಂದ ಹತ್ತು ಗುಮ್ಮಟಗಳ ನೆರಳೂ ಬೇರೆ ಬೇರೆಯಾಗಿ ಕಾಣುತ್ತದೆ.

ಈ ಕಟ್ಟಡ 15ನೇ ಶತಮಾನದ್ದು ಅನ್ನುವವರು ಹೆಚ್ಚು, ಸ್ವಲ್ಪ ಈಚಿನದು ಅನ್ನುವವರೂ ಇದ್ದಾರೆ. ನಾನು ಮೊದಲಿನವರ ಕಡೆ. ಕಲಬುರಗಿಗೂ ಹಂಪಿಗೂ ಹೆಚ್ಚು ಜಗಳ, ಹೆಚ್ಚು ವ್ಯವಹಾರ ಎರಡೂ ಇದ್ದದ್ದು ಆ ಶತಮಾನ ಶುರುವಾಗುವಾಗ. ಫಿರೋಜ್ ಷಾ ಬಹಮನಿ (1397ರಿಂದ 1422) ವಿಜಯನಗರದ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋದವನು. 1406ರ ಯುದ್ಧದ ನಂತರ ಒಂದನೇ ದೇವರಾಯನ ಮಗಳನ್ನು ಮದುವೆಯಾದ ಅಂತಲೂ, ಬಂಕಾಪುರದ ಕೋಟೆಯ ಜೊತೆಗೆ ಐವತ್ತು ಆನೆಗಳೂ ಅವನಿಗೆ ಸಂದವು ಅಂತಲೂ ಫೆರಿಸ್ತಾ ಬರೆಯುತ್ತಾನೆ. ಅವನು ಬಹಮನಿಗಳ ಕಡೆಯಿಂದ, ಅದೂ ಎರಡು ಶತಮಾನ ಕಳೆದ ಮೇಲೆ ಬರೆದವನು, ಒಂದು ಚಿಟಿಕೆ ಉಪ್ಪು ಹೆಚ್ಚೇ ಇರಬಹುದು. 1420ರ ಹೊತ್ತಿಗೆ ಪಾನಗಲ್ಲಿನಲ್ಲಿ ಅದೇ ಫಿರೋಜ್ ಷಾ ದೇವರಾಯನ ಸೈನ್ಯದ ಕೈಲಿ ಸೋತ. ಆನೆಗಳೂ ಆಳುಗಳೂ ಕೈ ಬದಲಾಯಿಸುತ್ತಿದ್ದ ಕಾಲ ಅದು. ಗೌಂಡಿಗಳ ಕೈವಾಡವೂ ಅದೇ ದಾರಿಯಲ್ಲಿ ಹೋಗಿ ಬಂದಿರಬೇಕು.

ಇದೇ ಫಿರೋಜ್ ಷಾ ಭೀಮಾ ನದಿಯ ದಂಡೆಗೆ, ಕಲಬುರಗಿಯಿಂದ ದಕ್ಷಿಣಕ್ಕೆ, ಸುಮಾರು 1400ರಲ್ಲಿ ಫಿರೋಜಾಬಾದ್ ಅಂತ ಒಂದು ಅರಮನೆಯ ಊರು ಕಟ್ಟಿಸಿದ. ಮೂರು ಕಡೆ ಕೋಟೆ ಗೋಡೆ, ನಾಲ್ಕನೇ ಕಡೆ ನದಿ. ಒಳಗೆ ಮಸೀದಿ, ದರ್ಬಾರಿನ ಕಮಾನು ಕೋಣೆಗಳು, ಸ್ನಾನದ ಮನೆಗಳು. ಜಾರ್ಜ್ ಮಿಷೆಲ್ ಮತ್ತು ರಿಚರ್ಡ್ ಈಟನ್ ಇಬ್ಬರೂ ಸೇರಿ ಈ ಹಾಳೂರಿನ ಬಗ್ಗೆ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹಂಪಿಯ ಅರಮನೆ ಕಟ್ಟಡಗಳಿಗೆ ಅಕ್ಕ ತಂಗಿ ಹುಡುಕುವವರು ಮೊದಲು ನೋಡಬೇಕಾದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಹಂಪಿಗೆ ದಿನಾ ಬಸ್ಸುಗಟ್ಟಲೆ ಜನ. ಫಿರೋಜಾಬಾದಿಗೆ ಹೋಗುವವರು ಸುತ್ತಲಿನ ಹೊಲದವರು, ಅವರ ದನಗಳು. 2014ರಲ್ಲಿ ದಖ್ಖನಿ ಸುಲ್ತಾನರ ಸ್ಮಾರಕಗಳು ಅಂತ ಕಲಬುರಗಿ, ಬೀದರ್, ವಿಜಯಪುರಗಳನ್ನು ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿಸಿದರು. ಪಟ್ಟಿಗೆ ಸೇರಿದ್ದು ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ನನ್ನ ಕೇಳಬೇಡಿ.

ಆನೆಲಾಯದ ಹುಲ್ಲಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಎರಡು ಗುಂಪು. ಒಂದು ಗುಂಪಿನ ಯಜಮಾನರು ಮಕ್ಕಳಿಗೆ ಹೇಳುತ್ತಿದ್ದರು, "ನೋಡ್ರೋ, ಇದು ನಮ್ಮವರದ್ದಲ್ಲ, ಸುಲ್ತಾನರು ಗೆದ್ದ ಮೇಲೆ ಕಟ್ಟಿದ್ದು". ಇನ್ನೊಂದು ಗುಂಪಿಗೆ ಗೈಡ್ ಹೇಳುತ್ತಿದ್ದ, "ಸಾರ್, ಇದು ಹಿಂದೂ ಮುಸ್ಲಿಂ ಭಾಯಿ ಭಾಯಿಗೆ ಉದಾಹರಣೆ ಸಾರ್".

ಮೊದಲನೆಯದು ಸುಳ್ಳು. 1565ರಲ್ಲಿ ಗೆದ್ದವರು ಹಂಪಿಯನ್ನು ಸುಲಿದು ಸುಟ್ಟು ಹೋದರೇ ಹೊರತು ಅಲ್ಲಿ ಕೂತು ಅರಮನೆ ಕಟ್ಟಿಸಲಿಲ್ಲ. ಗೆದ್ದು ಪಾಳು ಬಿಟ್ಟ ಊರಿನಲ್ಲಿ ಯಾರಾದರೂ ಆನೆಗೆ ಮನೆ ಕಟ್ಟಿಸುತ್ತಾರೆಯೇ? ಎರಡನೆಯದು ಸುಳ್ಳಲ್ಲ, ಆದರೆ ತೀರಾ ಸಲೀಸು. ಭಾಯಿ ಭಾಯಿ ಆಗಿದ್ದರೆ ರಾಯಚೂರು ದೋಆಬದ ನೆಲಕ್ಕಾಗಿ ಅಷ್ಟು ಹೆಣ ಬೀಳುತ್ತಿರಲಿಲ್ಲ. ನನಗೆ ಕಾಣುವುದು ಬೇರೆ. ಅರಸನಾದವನು ಹೇಗೆ ಕಾಣಬೇಕು ಎಂಬ ವಿಷಯದಲ್ಲಿ ಈ ವೈರಿಗಳಿಬ್ಬರೂ ಒಂದೇ ಅಂಗಡಿಯ ಗಿರಾಕಿಗಳು. ವಿಜಯನಗರದ ಅರಸರು ತಮ್ಮನ್ನು 'ಹಿಂದೂರಾಯ ಸುರತ್ರಾಣ' ಅಂತ ಕರೆಸಿಕೊಂಡರು, ಸುರತ್ರಾಣ ಅಂದರೆ ಸುಲ್ತಾನ್ ಎಂಬುದರ ಸಂಸ್ಕೃತ ವೇಷ. ಆಸ್ಥಾನದಲ್ಲಿ ತೊಟ್ಟದ್ದು ಕಬಾಯಿ, ತಲೆಗೆ ಇಟ್ಟದ್ದು ಕುಲಾಯಿ. ತಿರುಮಲೆಯಲ್ಲಿ ಕೃಷ್ಣದೇವರಾಯನ ತಾಮ್ರದ ಪ್ರತಿಮೆ ನೋಡಿದ್ದರೆ ಆ ಉದ್ದನೆಯ ಟೊಪ್ಪಿಗೆ ನೆನಪಿರಬೇಕು. ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸ 1996ರಲ್ಲಿ ಇದರ ಬಗ್ಗೆಯೇ ಒಂದು ದೊಡ್ಡ ಲೇಖನ ಬರೆದಿದ್ದಾರೆ. ಕಮಾನು, ಗುಮ್ಮಟ ಕೂಡ ಹಾಗೆಯೇ ಕಬಾಯಿ ಕುಲಾಯಿಯ ಸಾಲಿಗೆ ಸೇರಿದ್ದು. ಅವು ಧರ್ಮದ ಗುರುತಾಗಿ ಹಂಪಿಗೆ ಬಂದದ್ದಲ್ಲ, ಅರಸೊತ್ತಿಗೆಯ ಗುರುತಾಗಿ ಬಂದವು.

ಅದಕ್ಕೆ ಸಾಕ್ಷಿ ಬೇಕಿದ್ದರೆ ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಟ್ಟಡ ಇದೆ, ಆಟೋದವರಿಗೆ ಹೇಳಿ ನಿಲ್ಲಿಸಿಕೊಳ್ಳಿ. 1439ರಲ್ಲಿ ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬವನು ತನ್ನ ಒಡೆಯನಿಗೆ ಪುಣ್ಯವಾಗಲಿ ಅಂತ ಕಟ್ಟಿಸಿದ ಮಸೀದಿ. ಶಾಸನದಲ್ಲಿ ಅದನ್ನು ಕರೆದಿರುವುದು ಧರ್ಮಸಾಲೆ ಅಂತ. ಅದರಲ್ಲಿ ಗುಮ್ಮಟವಿಲ್ಲ, ಕಮಾನಿನ ಸಾಲಿಲ್ಲ. ಕಂಬ, ತೊಲೆ, ಚಪ್ಪಡಿ. ದೂರದಿಂದ ನೋಡಿದರೆ ಯಾವುದೋ ಗುಡಿಯ ಮಂಟಪ ಅನ್ನಬೇಕು! ಹಿಂದೂ ಅರಸನ ಆನೆಗೆ ಗುಮ್ಮಟ, ಮುಸಲ್ಮಾನ ಸರದಾರನ ಮಸೀದಿಗೆ ಮಂಟಪ. ಶಾಲೆಯ ಪುಸ್ತಕದಲ್ಲಿ ಹಿಂದೂ ಶೈಲಿ, ಇಸ್ಲಾಮಿ ಶೈಲಿ ಅಂತ ಎರಡು ಕಾಲಂ ಹಾಕಿ ಬರೆಸುತ್ತಿದ್ದರಲ್ಲ, ಈ ಎರಡು ಕಟ್ಟಡಗಳನ್ನು ಯಾವ ಕಾಲಮ್ಮಿಗೆ ಹಾಕೋಣ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಇದು ಆನೆಲಾಯ ಅಂತ ಹೇಳುವ ಶಾಸನ ಕಟ್ಟಡದ ಮೇಲೆ ಇಲ್ಲ. ಹಂಪಿಯ ಅರಮನೆ ಕಟ್ಟಡಗಳ ಹೆಸರುಗಳು, ಕಮಲ ಮಹಲ್, ರಾಣಿಯ ಸ್ನಾನಗೃಹ, ಕಾವಲುಗಾರರ ಮನೆ, ಇವೆಲ್ಲ ಊರು ಹಾಳಾಗಿ ಎಷ್ಟೋ ಕಾಲದ ಮೇಲೆ ನೋಡಿದವರು ಇಟ್ಟವು. ಹಾಗಾಗಿ ಇದು ನಿಜವಾಗಿ ಆನೆಗಳದ್ದೇ ಹೌದೋ ಅಲ್ಲವೋ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನಮ್ಮ ಹಳೆಯ ಶಾಸ್ತ್ರದ ಪ್ರಕಾರ ನೋಡಿದರೆ ಇದು ಪಾಸಾಗುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹಸ್ತ್ಯಧ್ಯಕ್ಷ, ಅಂದರೆ ಆನೆಗಳ ಮೇಲಧಿಕಾರಿ, ಲಾಯ ಹೇಗೆ ಕಟ್ಟಿಸಬೇಕು ಅಂತ ಲೆಕ್ಕ ಹಾಕಿ ಹೇಳಿದೆ. ಎತ್ತರ, ಅಗಲ, ಉದ್ದ ಮೂರೂ ಆನೆಯ ಉದ್ದದ ಎರಡರಷ್ಟು ಇರಬೇಕು. ಹೆಣ್ಣಾನೆಗಳಿಗೆ ಹೆಚ್ಚಿನ ಜಾಗ ಬೇಕು, ಮುಂದೆ ಚಾವಡಿ ಬೇಕು. ಆನೆ ನಿಲ್ಲುವ ಜಾಗ ಚೌಕವಾಗಿರಬೇಕು, ಕಟ್ಟುವ ಕಂಬ ನುಣುಪಾಗಿರಬೇಕು, ಹಲಗೆ ಹಾಸಿರಬೇಕು, ಲದ್ದಿ ಮೂತ್ರ ಹೊರಗೆ ಹೋಗಲು ದಾರಿ ಇರಬೇಕು. ಬಾಗಿಲು ಪೂರ್ವಕ್ಕೆ ಅಥವಾ ಉತ್ತರಕ್ಕೆ. ನಮ್ಮ ಆನೆಲಾಯದ ಬಾಗಿಲು ಪಶ್ಚಿಮಕ್ಕೆ! ಮಧ್ಯಾಹ್ನದ ಮೇಲೆ ಬಿಸಿಲು ನೇರ ಒಳಗೆ. ಕಲಬುರಗಿಯವನಾದ ನನಗೆ ಇದು ಸಣ್ಣ ತಪ್ಪಾಗಿ ಕಾಣಲಿಲ್ಲ.

ಇನ್ನು ಕಣ್ಣಾರೆ ಕಂಡವರು. ಹೆರಾತಿನ ಷಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದ. ಆಗ ಅರಸ ಎರಡನೇ ದೇವರಾಯ, 'ಗಜಬೇಂಟೆಕಾರ' ಎಂಬ ಬಿರುದು ಇದ್ದವನು. ರಜಾಕ್ ಆನೆಗಳ ಬಗ್ಗೆ ಬಾಯಿ ತುಂಬ ಬರೆದಿದ್ದಾನೆ. ಒಂದೊಂದು ಆನೆಗೂ ಬೇರೆ ಬೇರೆ ಕೋಣೆ, ಗೋಡೆಗಳು ಬಹಳ ಗಟ್ಟಿ, ಮಾಳಿಗೆ ಬಲವಾದ ಮರದ್ದು. ಆನೆಯ ಕುತ್ತಿಗೆಗೂ ಬೆನ್ನಿಗೂ ಸರಪಳಿ ಹಾಕಿ ಅದನ್ನು ಮೇಲೆ ಮಾಳಿಗೆಗೆ ಬಿಗಿಯುತ್ತಿದ್ದರಂತೆ, ಬೇರೆ ಹೇಗೆ ಕಟ್ಟಿದರೂ ಆನೆ ಬಿಚ್ಚಿಕೊಳ್ಳುತ್ತದೆ ಅಂತ. ಮುಂಗಾಲಿಗೂ ಸರಪಳಿ. ಊಟಕ್ಕೆ ಖಿಚಡಿ! ಬೇಯಿಸಿದ ಖಿಚಡಿಗೆ ಉಪ್ಪು, ಸಕ್ಕರೆ ಬೆರೆಸಿ, ದೊಡ್ಡ ದೊಡ್ಡ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದರು. ಇದರಲ್ಲಿ ಯಾವುದಾದರೂ ಒಂದು ಕಡಿಮೆಯಾದರೆ ಆನೆ ಮಾವುತನ ಮೇಲೇ ಏರಿ ಹೋಗುತ್ತಿತ್ತಂತೆ. (ಇದನ್ನು ಹೇಳಿದಾಗ ಕಾಕಾ, "ನಿಮ್ಮ ಕಾಕೂಗ ಕೇಳಸಬ್ಯಾಡ, ನನಗೂ ಹಂಗೇ ಅಂತಾಳ" ಅಂದರು.) ಮೈಸೂರು ದಸರೆಯ ಆನೆಗಳಿಗೆ ಇವತ್ತಿಗೂ ಕೊಡುವ ಕುಸುರೆ, ಭತ್ತ ಬೆಲ್ಲ ತೆಂಗಿನಕಾಯಿ ಹುಲ್ಲಿನಲ್ಲಿ ಸುತ್ತಿದ್ದು, ಇದರ ದಾಯಾದಿಯೇ ಇರಬೇಕು.

ಗಮನಿಸಿ, ರಜಾಕ್ ಕಂಡದ್ದು ಮರದ ಮಾಳಿಗೆ. ಇಲ್ಲಿರುವುದು ಗಚ್ಚಿನ ಗುಮ್ಮಟ. ಗೈಡುಗಳು ಗುಮ್ಮಟದ ನಡುವೆ ಇರುವ ಕಬ್ಬಿಣದ ಕೊಂಡಿ ತೋರಿಸಿ ಇದಕ್ಕೇ ಆನೆಯ ಸರಪಳಿ ಕಟ್ಟುತ್ತಿದ್ದರು ಅನ್ನುತ್ತಾರೆ. ರಜಾಕ್‌ನ ಮಾತಿಗೆ ಅದು ಹೊಂದುತ್ತದೆ ನಿಜ. ಆದರೆ ಗುಮ್ಮಟದ ನೆತ್ತಿಗೆ ಆನೆಯನ್ನು ಕಟ್ಟಿ ಎಳೆಸುವುದು ಅಂದರೆ.. ಕಾಕಾ ತಲೆ ಅಲ್ಲಾಡಿಸಿಬಿಟ್ಟರು. "ದೀಪಾ ಕಟ್ಟಬೋದು. ಆನಿ? ಎರಡು ದಿನಕ್ಕ ಮಾಳಿಗಿ ಕೆಳಗ".

ಇನ್ನೊಂದು ಲೆಕ್ಕ. 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸನ ಸ್ವಂತಕ್ಕೆ ಎಂಟುನೂರು ಆನೆಗಳಿದ್ದವು, ಅವುಗಳ ಮತ್ತು ಕುದುರೆಗಳ ಖರ್ಚಿಗೆ ರಾಜಧಾನಿಯ ಹುಟ್ಟುವಳಿಯನ್ನೇ ಎತ್ತಿಟ್ಟಿದ್ದರು ಅನ್ನುತ್ತಾನೆ. ಇಲ್ಲಿ ಕೋಣೆಗೆ ಎರಡರಂತೆ ನಿಲ್ಲಿಸಿದರೂ ಇಪ್ಪತ್ತೆರಡು. ಉಳಿದ ಏಳುನೂರ ಎಪ್ಪತ್ತೆಂಟು ಎಲ್ಲಿ? ಸಕ್ರೆಬೈಲು, ದುಬಾರೆ ನೋಡಿದವರಿಗೆ ಉತ್ತರ ಹೊಳೆಯುತ್ತದೆ. ಆನೆಗೆ ಬೇಕಾದ್ದು ನೀರು, ನೆರಳು, ಗಟ್ಟಿ ಮರ, ಸರಪಳಿ. ದಿನಕ್ಕೆ ನೂರೈವತ್ತು ಕಿಲೋದ ಹತ್ತಿರ ಮೇವು ತಿಂದು ಅಷ್ಟಕ್ಕೆ ತಕ್ಕ ಲದ್ದಿ ಹಾಕುವ ಪ್ರಾಣಿಯನ್ನು ಎಂಟುನೂರರ ಲೆಕ್ಕದಲ್ಲಿ ರಾಣಿವಾಸದ ಪಕ್ಕ ಯಾರೂ ಇಟ್ಟುಕೊಳ್ಳುವುದಿಲ್ಲ. ಮೈಸೂರಿಗೆ ದಸರೆಗೆ ಬರುವ ಆನೆಗಳೂ ಅರಮನೆ ಆವರಣದಲ್ಲಿ ಇರುವುದು ತಾತ್ಕಾಲಿಕ ಶೆಡ್ಡುಗಳಲ್ಲಿ. ದೊಡ್ಡ ಸಂಖ್ಯೆಯ ಆನೆಗಳೆಲ್ಲ ಹಂಪಿಯ ಹೊರವಲಯದಲ್ಲಿ, ಮರದ ಮಾಳಿಗೆಯ ಲಾಯಗಳಲ್ಲಿ, ತೋಪುಗಳಲ್ಲಿ ಇದ್ದವು ಅಂತ ಇಟ್ಟುಕೊಂಡರೆ ರಜಾಕ್, ನೂನಿಜ್ ಇಬ್ಬರ ಮಾತೂ ಕೂಡಿ ಬರುತ್ತದೆ. ಅಲ್ಲೇ ಪಕ್ಕದ ಅರಮನೆ ಆವರಣದಲ್ಲಿ ನೂರು ಕಂಬದ ಸಭಾಂಗಣ ಅಂತ ತೋರಿಸುತ್ತಾರಲ್ಲ, ಅಲ್ಲೂ ಈಗ ಇರುವುದು ಕಂಬ ಕೂರಿಸಿದ್ದ ಕಲ್ಲುಗಳು ಮಾತ್ರ. ಕಂಬಗಳು ಮರದವು, ಹೋದವು. ಉಳಿದದ್ದು ಕಲ್ಲು, ಗಾರೆ.

ಹ್ಯಾಗಾದರೂ ಇರಲಿ, ನನ್ನ ಊಹೆ ಇಷ್ಟು. ಇದು ದಿನನಿತ್ಯದ ಲಾಯ ಅಲ್ಲ. ಮಹಾನವಮಿಗೆ ಸಾವಿರ ಆನೆ ಸಿಂಗರಿಸಿಕೊಂಡು ಸೇರುತ್ತಿದ್ದವು ಅಂತ ರಜಾಕ್ ಹೇಳುತ್ತಾನೆ. ಅದೃಷ್ಟದ್ದು ಅಂತ ದಿನಾ ಬೆಳಿಗ್ಗೆ ಅರಸನ ಕಣ್ಣಿಗೆ ಬೀಳುವಂತೆ ತಂದು ನಿಲ್ಲಿಸುತ್ತಿದ್ದ ಒಂದು ಬಿಳಿ ಆನೆಯ ಬಗ್ಗೆಯೂ ಬರೆದಿದ್ದಾನೆ. ಅಂಥ ಪಟ್ಟದ ಆನೆಗಳು ಸಿಂಗಾರ ಮಾಡಿಕೊಂಡು ಬಯಲಿಗೆ ಮುಖ ಮಾಡಿ ಸಾಲಾಗಿ ನಿಲ್ಲುವ ಜಾಗ ಇದು. ಹಾಗಿದ್ದರೆ ಪಶ್ಚಿಮಕ್ಕೆ ಯಾಕೆ ಎಂಬುದಕ್ಕೂ ಉತ್ತರ ಸಿಗುತ್ತದೆ. ಬಯಲು ಇರುವುದು ಆ ಕಡೆ, ಅರಮನೆ ಇರುವುದು ಆ ಕಡೆ. ಲಾಯ ಆನೆಯ ಅನುಕೂಲಕ್ಕೆ ತಿರುಗಿಲ್ಲ, ನೋಡುವವರ ಅನುಕೂಲಕ್ಕೆ ತಿರುಗಿದೆ. ಉತ್ತರಕ್ಕೆ ಅಡ್ಡಲಾಗಿ ಇರುವ ಕಾವಲುಗಾರರ ಮನೆ ಎಂಬ ಕಟ್ಟಡದ ಎತ್ತರದ ಜಗಲಿಯೂ ಇದೇ ಬಯಲಿಗೆ ಮುಖ ಮಾಡಿದೆ. ಅಲ್ಲಿ ಕೂತರೆ ಒಳ್ಳೆಯ ಗ್ಯಾಲರಿ. ನಾವೂ ಅಲ್ಲೇ ಕೂತು ಬುತ್ತಿ ಬಿಚ್ಚಿದೆವು.

ಬೇರೆ ಕಡೆ ನೋಡಿದರೆ ಹಂಪಿಯವರು ಪುಣ್ಯವಂತರು. ಅಕ್ಬರನ ಪೀಲ್‌ಖಾನೆಯಲ್ಲಿ ಆನೆಗಳನ್ನು ಏಳು ದರ್ಜೆ ಮಾಡಿ ಒಂದೊಂದು ದರ್ಜೆಗೂ ಇಷ್ಟಿಷ್ಟು ಮೇವು ಅಂತ ನಿಗದಿ ಮಾಡಿದ್ದನ್ನು ಐನ್-ಇ-ಅಕ್ಬರಿ ಹೇಳುತ್ತದೆ. ಹೈದರಾಬಾದಿನಲ್ಲಿ ಬೇಗಂ ಬಜಾರಿನ ಹತ್ತಿರ ಫೀಲ್‌ಖಾನಾ ಅಂತ ಒಂದು ಮೊಹಲ್ಲಾ ಇದೆ, ಢಾಕಾದಲ್ಲಿ ಪೀಲ್‌ಖಾನಾ ಇದೆ. ಅಲ್ಲೆಲ್ಲ ಹೆಸರು ಉಳಿದು ಆನೆಯ ಮನೆ ಹೋಗಿದೆ. ಹಂಪಿಯಲ್ಲಿ ಮನೆ ಉಳಿದಿದೆ, ಹೆಸರಿನ ಬಗ್ಗೆ ಮಾತ್ರ ನಾವು ಜಗಳ ಆಡಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ತೆಗೆದ ಫೋಟೋಗಳಲ್ಲೂ ಈ ಗುಮ್ಮಟಗಳ ಸಾಲು ನೆಟ್ಟಗೆ ನಿಂತಿದೆ. ಊರು ಹಾಳಾಗಿ ಆಗಲೇ ಮುನ್ನೂರು ವರ್ಷದ ಹತ್ತಿರ, ಸುಣ್ಣ ಬಳಿಯುವವರು ಗತಿ ಇಲ್ಲ, ಆದರೂ.

ಊರಿಗೆ ಬಂದ ಮರುದಿನ ಕಾಕಾ ನನ್ನನ್ನು ಬೆಳಿಗ್ಗೆಯೇ ಎಬ್ಬಿಸಿ ಕಿಲ್ಲಾಕ್ಕೆ ಕರೆದುಕೊಂಡು ಹೋದರು. ಮಸೀದಿಯ ಒಳಗೆ ಒಂದು ಸಣ್ಣ ಗುಮ್ಮಟದ ಕೆಳಗೆ ನಿಂತು ಚೌಕವನ್ನು ಹೆಜ್ಜೆಯಿಂದ ಅಳೆದರು. ಹಂಪಿಯಲ್ಲೂ ಒಂದು ಕೋಣೆಯನ್ನು ಹೀಗೇ ಅಳೆದಿದ್ದರಂತೆ, ನನಗೆ ಹೇಳಿರಲಿಲ್ಲ. "ಅಲ್ಲಿದು ದೊಡ್ಡದದ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡದು ಇರಬೇಕಲ್ಲ, ಆನಿಗಿ" ಅಂದರು.

ಅವರ ಮೊಣಕಾಲು ನೋವು ಸ್ವಲ್ಪ ಕಡಿಮೆಯಾದ ಮೇಲೆ ಫಿರೋಜಾಬಾದಿಗೆ ಹೋಗುವುದು ಅಂತ ಮಾತಾಗಿದೆ. ಜೋಳದ ರಾಶಿ ಮುಗಿದು ಹೊಲ ಖಾಲಿಯಾದರೆ ಒಳಗೆ ಓಡಾಡಲು ಸಲೀಸು. ಅದಕ್ಕೆ ಮಾತ್ರ ಬಸ್ಸಿನ ಗೊಂದಲ ಇಲ್ಲ, ಜೇವರ್ಗಿ ಕಡೆಯ ಗಾಡಿ ಹತ್ತಿದರಾಯಿತು.